ಆರು ಸಾವಿರದ ನಾನೂರರಲ್ಲಿ ತೆಗೆದ ಮುಖ

ಚಟಾಕ್, ಒಂದು ಕ್ಷಣ ಬಿಟ್ಟು, ಟಪ್. ಹಳೆಯ ಟ್ರಂಕಿನ ಕೊಂಡಿ ತೆಗೆದು ಮುಚ್ಚಿದ ಹಾಗಿತ್ತು ಆ ಕ್ಯಾಮೆರಾದ ಸದ್ದು. ಚನ್ನಗಿರಿಯ ಅಡಿಕೆ ಮಂಡಿಯೊಂದರ ಗೋಡೌನಿನಲ್ಲಿ, ಮಧ್ಯಾಹ್ನದ ಹೊತ್ತು, ಏಳೆಂಟು ಹೆಂಗಸರು ನೆಲದ ಮೇಲೆ ಕೂತು ಅಡಿಕೆ ಆರಿಸುತ್ತಿದ್ದರು. ಆರಿಸಿದ್ದು ತಗಡಿನ ಡಬ್ಬಕ್ಕೆ ಬೀಳುವ ಸದ್ದಿನ ನಡುವೆ ಚಟಾಕ್-ಟಪ್ ಅಂದಾಗಲೆಲ್ಲ ಅವರು ತಲೆ ಎತ್ತಿ ನಗುತ್ತಿದ್ದರು. ಅದೇ ಗೋಡೌನಿನಲ್ಲಿ ಇನ್ನೊಂದು ಕ್ಯಾಮೆರಾವೂ ಕೆಲಸ ಮಾಡುತ್ತಿತ್ತು. ಜಗಳೂರಿನಿಂದ ಬಂದ ಒಬ್ಬ ಯುವಕನದು, ಹೊಚ್ಚ ಹೊಸದು, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್. ಅದಕ್ಕೆ ಸದ್ದೇ ಇರಲಿಲ್ಲ. ಸದ್ದು ಮಾಡುವ ಹಳೆಯ ಕ್ಯಾಮೆರಾ ಹೊನ್ನಾಳಿಯ ಹೆಣ್ಣುಮಗಳದು. ನಾನು ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದವಳು ಆ ಸದ್ದು ಕೇಳಿ ಮನಸ್ಸಿನಲ್ಲೇ ‘ಪೂರ್ ಥಿಂಗ್’ ಅಂದುಕೊಂಡೆ. ಅವಳ ಬಗ್ಗೆ ನನ್ನ ತೀರ್ಪು ಅಲ್ಲೇ ಅರ್ಧ ಆಗಿಹೋಗಿತ್ತು. ಇದನ್ನು ಬರೆಯುವಾಗ ಈ ವಯಸ್ಸಿನಲ್ಲೂ ಕಿವಿ ಬಿಸಿಯಾಗುತ್ತದೆ.

ಅಲ್ಲಿ ನಡೆಯುತ್ತಿದ್ದದ್ದು ಒಂದು ಪರೀಕ್ಷೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಕಡೆಯ ಫೋಟೊಗ್ರಾಫರುಗಳು ಸೇರಿ ಮಾಡಿಕೊಂಡ ಒಂದು ಸಂಘವಿದೆ. ಶುರು ಮಾಡಿದವರಲ್ಲಿ ನನ್ನ ಯಜಮಾನರೂ ಒಬ್ಬರು. ಸಂಘದ ಕಾರ್ಡ್ ಅಂದರೆ ಕುತ್ತಿಗೆಗೆ ಹಾಕಿಕೊಳ್ಳುವ ಒಂದು ಪ್ಲಾಸ್ಟಿಕ್ ತುಂಡು, ಅಷ್ಟೇ. ಆದರೆ ಈಗಿನ ಮದುವೆಗಳಿಗೆ ಒಂದು ಕ್ಯಾಮೆರಾ ಸಾಲದು, ಎರಡು ಮೂರು ಬೇಕು. ಆ ಎರಡನೆಯ ಕ್ಯಾಮೆರಾಕ್ಕೆ ನಮ್ಮವರು ಕರೆಯುವುದು ಕಾರ್ಡ್ ಇದ್ದವರನ್ನೇ. ಕಲ್ಯಾಣಮಂಟಪದವರೂ ಅದನ್ನೇ ಕೇಳುತ್ತಾರೆ. ಕಾರ್ಡ್ ಇಲ್ಲದವರು ಪರಿಚಯದವರ ಮನೆಯ ನಾಮಕರಣ, ಸೀಮಂತ ತೆಗೆದುಕೊಂಡು ಇರಬೇಕು. ಹೊಸಬರಿಗೆ ಕಾರ್ಡ್ ಕೊಡುವ ಮೊದಲು ಪರೀಕ್ಷೆ ಇಡುವುದು ನಮ್ಮ ಪದ್ಧತಿ. ಬೆಳಕಿಲ್ಲದ ಜಾಗ, ಫ್ಲ್ಯಾಶ್ ಹಾಕುವಂತಿಲ್ಲ, ಐಎಸ್‌ಓ ಆರು ಸಾವಿರದ ನಾನೂರಕ್ಕೆ ಇಡಬೇಕು, ಮೂರು ಫೋಟೊ ಕೊಡಬೇಕು, ಕಂಪ್ಯೂಟರಿನಲ್ಲಿ ತಿದ್ದುವಂತಿಲ್ಲ. ಫೋಟೊಗಳು ಬರುವುದು ನನ್ನ ಮುಂದೆ. ಪಾಸೋ ಫೇಲೋ ನಾನು ಹೇಳಬೇಕು.

ಐಎಸ್‌ಓ ಅಂದರೇನು ಅಂತ ನಮ್ಮ ಮನೆಯ ಹೆಂಗಸರು ಕೇಳಿದಾಗ ನಾನು ಹೇಳುತ್ತಿದ್ದದ್ದು ಹೀಗೆ. ದೂರದಲ್ಲಿ ಯಾರೋ ಮೆಲ್ಲಗೆ ಮಾತಾಡುತ್ತಿದ್ದಾರೆ, ರೇಡಿಯೋದ ವಾಲ್ಯೂಮ್ ಜೋರು ಮಾಡಿದ ಹಾಗೆ ನೀವು ಆ ಮಾತನ್ನು ಜೋರು ಮಾಡಿಕೊಳ್ಳುತ್ತೀರಿ. ಮಾತು ಕೇಳುತ್ತದೆ, ಜೊತೆಗೆ ಸರಸರ ಅನ್ನುವ ಗಲಾಟೆಯೂ ಕೇಳುತ್ತದೆ. ಬೆಳಕು ಕಡಿಮೆ ಇದ್ದಾಗ ಕ್ಯಾಮೆರಾ ಮಾಡುವುದೂ ಅಷ್ಟೇ. ಆ ಗಲಾಟೆ ಫೋಟೊದಲ್ಲಿ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಅದಕ್ಕೇ ಅದಕ್ಕೆ ನಾಯ್ಸ್ ಅನ್ನುವುದು. ಫಿಲ್ಮಿನ ಕಾಲದಲ್ಲಿ ನಾವು ಗ್ರೇನ್ ಅನ್ನುತ್ತಿದ್ದೆವು. ಎಷ್ಟು ಚೆನ್ನಾಗಿ ವಿವರಿಸುತ್ತಿದ್ದೆ ನೋಡಿ. ಗಲಾಟೆಯನ್ನು ಅಡಗಿಸಲು ಹೋದರೆ ಮಾತೂ ಅಡಗಿಹೋಗಬಹುದು ಅನ್ನುವುದು ಮಾತ್ರ ನನಗೆ ಹೊಳೆದಿರಲಿಲ್ಲ.

ನಾನು ಫೋಟೊ ತೆಗೆಯುವವಳಲ್ಲ. ಕಾನ್ವೆಂಟಿನಲ್ಲಿ ಓದಿ, ಚನ್ನಗಿರಿಯ ಸ್ಟುಡಿಯೋ ಮನೆಗೆ ಸೊಸೆಯಾಗಿ ಬಂದವಳು. ಸಿಸ್ಟರುಗಳು ನಮಗೆ ಕಲಿಸಿದ್ದು ನೀಟ್ ವರ್ಕ್. ಕಸೂತಿಯ ಹಿಂಬದಿ ಕೂಡ ಮುಂಬದಿಯಷ್ಟೇ ನೀಟಾಗಿರಬೇಕು. ಆ ಕೈ ನೋಡಿಯೇ ನನ್ನ ಯಜಮಾನರು ನನ್ನನ್ನು ರಿಟಚಿಂಗಿಗೆ ಕೂರಿಸಿದರು. ಹಿಂದಿನ ಕೋಣೆಯಲ್ಲಿ, ಗಾಜಿನ ಕೆಳಗೆ ಬಲ್ಬು ಇಟ್ಟ ಒಂದು ಇಳಿಜಾರು ಮೇಜು. ಅದರ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಲ್ಲಿ ಮುಖದ ಕಲೆಗಳನ್ನು ಮುಚ್ಚುವ ಕೆಲಸ. ಮೊಡವೆ, ಮಚ್ಚೆ, ಸುಟ್ಟ ಗಾಯ, ಕಣ್ಣ ಕೆಳಗಿನ ಕಪ್ಪು. ಹೆಣ್ಣು ತೋರಿಸುವ ಫೋಟೊಗಳೇ ಹೆಚ್ಚು. ‘ಮೇಡಂ ಕೈಯಲ್ಲಿ ಕೊಡ್ರಿ, ಮುಖ ಬೆಣ್ಣೆ ಮಾಡಿಕೊಡ್ತಾರೆ’ ಅಂತ ಜಗಳೂರಿನಿಂದಲೂ ಬರುತ್ತಿದ್ದರು. ಎಷ್ಟು ಹುಡುಗಿಯರ ಮುಖವನ್ನು ನಾನು ಬೆಣ್ಣೆ ಮಾಡಿದೆನೋ, ಮದುವೆಯಾದ ಮೇಲೆ ಅವರಲ್ಲಿ ಎಷ್ಟು ಜನ ಅದಕ್ಕಾಗಿ ಚುಚ್ಚುಮಾತು ಕೇಳಿದರೋ. ಅದನ್ನು ಯಾರೂ ನನಗೆ ಬಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಡಿಜಿಟಲ್ ಬಂದ ಮೇಲೆ ಪೆನ್ಸಿಲ್ ಮೂಲೆ ಸೇರಿತು. ಯಜಮಾನರು ಹೋದ ಮೇಲೆ ಸ್ಟುಡಿಯೋವನ್ನು ನನ್ನ ಮೈದುನ ನೋಡಿಕೊಂಡ. ಸಂಘದ ಅಧ್ಯಕ್ಷನೂ ಅವನೇ. ನನಗೆ ಮಾಡಲು ಕೆಲಸವಿರಲಿಲ್ಲ. ಮೊಬೈಲಿನಲ್ಲಿ ಕ್ಯಾಮೆರಾ ರಿವ್ಯೂಗಳನ್ನು ನೋಡುವ ಚಟ ಹತ್ತಿತು. ಇಂಗ್ಲಿಷ್ ಬರುತ್ತಿತ್ತಲ್ಲ. ಒಂದೇ ಚಿತ್ರವನ್ನು ಹದಿನಾರು ನೂರರಲ್ಲಿ, ಮೂರು ಸಾವಿರದ ಇನ್ನೂರರಲ್ಲಿ, ಆರು ಸಾವಿರದ ನಾನೂರರಲ್ಲಿ ತೆಗೆದು ಪಕ್ಕಪಕ್ಕ ಇಟ್ಟು, ಒಂದು ಮೂಲೆಯನ್ನು ಹಂಡ್ರೆಡ್ ಪರ್ಸೆಂಟ್ ದೊಡ್ಡದು ಮಾಡಿ ತೋರಿಸುತ್ತಾರೆ. ಇದು ಕ್ಲೀನ್, ಇದು ನಾಯ್ಸಿ, ಇದು ಯೂಸಬಲ್. ನಾನು ಆ ಮಾತುಗಳನ್ನು ಕಲಿತುಕೊಂಡೆ. ಸಂಘದ ಮೀಟಿಂಗಿನಲ್ಲಿ ಒಂದು ದಿನ ಅವನ್ನು ಉದುರಿಸಿದಾಗ ಗಂಡಸರೆಲ್ಲ ಸುಮ್ಮನಾದರು. ಅಂದಿನಿಂದ ನಾನು ಜಡ್ಜ್ ಮೇಡಂ ಆದೆ. ಅದು ನನಗೆ ಬಹಳ ಇಷ್ಟವಾಯಿತು. ಹೇಳಿಕೊಳ್ಳಲು ನಾಚಿಕೆಯಾದರೂ ನಿಜ. ಗಂಡ ಹೋದ ಮೇಲೆ ಯಾರೂ ಕೇಳದ ನನ್ನ ಮಾತಿಗೆ ಒಂದು ಕುರ್ಚಿ ಸಿಕ್ಕಿತ್ತು.

ಹೊನ್ನಾಳಿಯ ಹೆಣ್ಣುಮಗಳಿಗೆ ಆಗ ಮೂವತ್ತರ ಮೇಲಿರಬೇಕು. ಮನೆಯಲ್ಲಿ ಉರ್ದು, ಹೊರಗೆ ನಮ್ಮ ಕಡೆಯ ಕನ್ನಡ. ಅಣ್ಣ ಬಿಟ್ಟುಹೋದ ಕ್ಯಾಮೆರಾದಲ್ಲಿ ತಾನಾಗಿಯೇ ಕಲಿತವಳು. ಅವರ ಸಮುದಾಯದ ಮದುವೆಗಳಲ್ಲಿ ಹೆಂಗಸರ ಕೋಣೆಗೆ ಗಂಡಸರು ಕ್ಯಾಮೆರಾ ಹಿಡಿದು ಹೋಗುವಂತಿಲ್ಲ. ಅಲ್ಲಿಗೆ ಇವಳು ಹೋಗುತ್ತಿದ್ದಳು. ಚಿಕ್ಕ ಕೋಣೆ, ಒಂದು ಬಲ್ಬು, ಫ್ಲ್ಯಾಶ್ ಹೊಡೆದರೆ ಮದುಮಗಳು ಮುಖ ಮುಚ್ಚಿಕೊಳ್ಳುತ್ತಾಳೆ. ಹೀಗಾಗಿ ಕಡಿಮೆ ಬೆಳಕು ಅವಳ ದಿನನಿತ್ಯದ ಊಟ. ನಾವು ಪರೀಕ್ಷೆ ಅಂತ ಇಟ್ಟಿದ್ದು ಅವಳ ಮನೆಯ ಅಂಗಳವೇ ಆಗಿತ್ತು. ಆದರೆ ಆ ಮದುವೆಗಳು ವರ್ಷಪೂರ್ತಿ ಇರುವುದಿಲ್ಲ, ಅವಳ ದುಡಿಮೆಯ ಮೇಲೇ ಮನೆ ನಿಂತಿತ್ತು, ಕಾರ್ಡ್ ಸಿಕ್ಕರೆ ಬೇರೆಯವರ ಮದುವೆಗಳಲ್ಲೂ ಎರಡನೆಯ ಕ್ಯಾಮೆರಾ ಹಿಡಿಯಬಹುದು ಅಂತ ಬಂದಿದ್ದಳು. ಇದನ್ನೆಲ್ಲ ಅವಳು ಅರ್ಜಿಯ ಹಿಂಬದಿಯಲ್ಲಿ ಬರೆದಿದ್ದಳು. ನಾನು ಓದಿದ್ದೆ. ಓದಿರಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಗೋಡೌನಿನಲ್ಲಿ ಅಡಿಕೆ ಆರಿಸುವವರ ಪೈಕಿ ಎಲ್ಲರಿಗಿಂತ ಹಿರಿಯಳಾದ ಒಬ್ಬ ಅಜ್ಜಿ ಇದ್ದಳು. ಚಿಕ್ಕಂದಿನಲ್ಲಿ ಸಿಡುಬು ಬಂದು ಮುಖದ ತುಂಬ ಕುಳಿಗಳು. ಮೇಲಿನ ತಗಡಿನಲ್ಲಿ ಒಂದು ಕಡೆ ಫೈಬರ್ ಶೀಟ್ ಹಾಕಿದ್ದರು, ಅಲ್ಲಿಂದ ಒಂದಿಷ್ಟು ಬೆಳಕು ಅವಳ ಕೆನ್ನೆಯ ಮೇಲೆ ಬೀಳುತ್ತಿತ್ತು. ಜಗಳೂರಿನವನು ಆಗಲೇ ಅವಳನ್ನು ತೆಗೆದು ಮುಗಿಸಿದ್ದ. ಸದ್ದಿಲ್ಲದ್ದರಿಂದ ಅವಳಿಗೆ ಗೊತ್ತೇ ಆಗಿರಲಿಲ್ಲ. ಹೊನ್ನಾಳಿಯವಳು ಎದುರಿಗೆ ಕುಕ್ಕರಗಾಲಲ್ಲಿ ಕೂತಾಗ ಅಜ್ಜಿ ಸೆರಗು ಎಳೆದುಕೊಂಡಳು.

“ಏ ತಾಯೀ, ನನ್ನ ಮುಖ ತೆಗೀಬ್ಯಾಡ. ಜರಡಿ ತೆಗೆದಂಗೆ ಬರ್ತೈತೆ.”

“ಜರಡಿ ಆದ್ರೆ ಬೆಳಕು ಚೆನ್ನಾಗಿ ಹಾಯ್ತೈತೆ ಬಿಡಜ್ಜಿ. ಇತ್ಲಾಗೆ ನೋಡು.”

ಸುತ್ತ ಕೂತವರೆಲ್ಲ ನಕ್ಕರು. ಅಜ್ಜಿಯೂ ನಗು ತಡೆಯಲಾರದೆ ಇತ್ತ ನೋಡಿದಳು. ಚಟಾಕ್, ಟಪ್.

ಸಂಜೆ ನಾಲ್ಕೂವರೆಗೆ ಸ್ಟುಡಿಯೋದಲ್ಲಿ ಮಾನಿಟರಿನ ಮುಂದೆ ಕೂತೆ. ಆಗಷ್ಟೇ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದೆ, ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು. ತಪ್ಪನ್ನು ಕಣ್ಣಿನ ಮೇಲೆ ಹಾಕಲಾರೆ. ಮೈದುನ ಪಕ್ಕದಲ್ಲಿ ನಿಂತಿದ್ದ, ಅವರಿಬ್ಬರೂ ಹಿಂದೆ. ಮೊದಲು ಜಗಳೂರಿನವನದು. ಅಜ್ಜಿಯ ಕೆನ್ನೆಯನ್ನು ಹಂಡ್ರೆಡ್ ಪರ್ಸೆಂಟಿಗೆ ಹಿಗ್ಗಿಸಿದೆ. ನುಣುಪು. ನೆರಳಿನಲ್ಲೂ ಒಂದು ಚುಕ್ಕಿ ಇಲ್ಲ. ನನಗೆ ಬಹಳ ಸಂತೋಷವಾಯಿತು, ನಾನೇ ಪೆನ್ಸಿಲ್ ಹಿಡಿದು ವಾರಗಟ್ಟಲೆ ಕೂತರೂ ಅಷ್ಟು ನೀಟಾಗಿ ಬರುತ್ತಿರಲಿಲ್ಲ. ಆ ಕುಳಿಗಳು ಎಲ್ಲಿ ಹೋದವು ಅನ್ನುವ ಪ್ರಶ್ನೆ ನನಗೆ ಬರಲಿಲ್ಲ. ಮುಖದ ಕಲೆ ಹೋದರೆ ಅದು ಒಳ್ಳೆಯ ಫೋಟೊ. ನಲವತ್ತು ವರ್ಷ ನನ್ನ ಕೈ ಕಲಿತದ್ದು ಅದೊಂದನ್ನೇ.

ಆಮೇಲೆ ಇವಳದು. ಹಿಗ್ಗಿಸಿದೆ. ರವೆಯೋ ರವೆ.

“ಲುಕ್ ಅಟ್ ದಿಸ್,” ಅಂದೆ ಮೈದುನನಿಗೆ, ಎಲ್ಲರಿಗೂ ಕೇಳುವ ಹಾಗೆ. ಶ್ಯಾಡೋದಲ್ಲಿ ಡೀಟೇಲ್ ಇಲ್ಲ, ಸೆನ್ಸರ್ ಹಳೇದು, ಈ ಕ್ಯಾಮೆರಾ ಹದಿನಾರು ನೂರರ ಮೇಲೆ ಯೂಸ್‌ಲೆಸ್ ಅಂತ ಇನ್ನೂ ಏನೇನೋ ಹೇಳಿದೆ. ಅರ್ಧಕ್ಕಿಂತ ಹೆಚ್ಚು ಇಂಗ್ಲಿಷಿನಲ್ಲಿ. ಅವಳಿಗೆ ಅರ್ಥವಾಗದಿರಲಿ ಅಂತಲೇ ಇಂಗ್ಲಿಷಿನಲ್ಲಿ ಹೇಳಿದೆನೋ ಏನೋ. ಆದರೆ ಅವಳಿಗೆ ಅರ್ಥವಾಗಿತ್ತು.

“ನಾಯ್ಸ್ ಐತೆ ಮೇಡಂ, ಇಲ್ಲ ಅನ್ನಲ್ಲ,” ಅಂದಳು. “ನಾನು ನಾಯ್ಸ್ ರಿಡಕ್ಷನ್ ಬೇಕಂತಲೇ ಆಫ್ ಇಟ್ಟಿದ್ದೆ. ಆನ್ ಇದ್ರೆ ರವೆ ಹೋಗ್ತೈತೆ, ಅದ್ರ ಜೊತೆ ಮುಖಾನೂ ಹೋಗ್ತೈತೆ. ಅವರ ಫೋಟೊದಾಗೆ ಅಜ್ಜಿ ಮುಖ ನೋಡ್ರಿ, ಮೇಣ ಬಳಿದಂಗೆ ಆಗೈತೆ.”

“ನಾಯ್ಸ್ ಈಸ್ ನಾಯ್ಸ್, ಮೈ ಡಿಯರ್.”

ಮೈದುನ ನಕ್ಕ. ಅತ್ತಿಗೆ ಕಣ್ಣಿಗೆ ಬಿದ್ದ ಮೇಲೆ ಮುಗೀತು ಬಿಡಮ್ಮ ಅಂದ. ಜಗಳೂರಿನ ಯುವಕ ಪಾಪ, ನೆಲ ನೋಡುತ್ತಿದ್ದ. ಅವನದೇನೂ ಮೋಸವಿರಲಿಲ್ಲ. ಅಂಗಡಿಯಿಂದ ಬಂದಾಗ ಕ್ಯಾಮೆರಾದ ಸೆಟ್ಟಿಂಗ್ ಹೇಗಿತ್ತೋ ಹಾಗೇ ಇಟ್ಟಿದ್ದ, ಅಷ್ಟೇ.

ಅವಳು ಇನ್ನೊಂದು ಮಾತು ಹೇಳಿದಳು. “ಒಂದೇ ಒಂದು ಪ್ರಿಂಟ್ ಹಾಕಿ ನೋಡ್ರಿ ಮೇಡಂ. ಗೋಡೆ ಮೇಲಿನ ಫೋಟೊನ ಯಾರೂ ಮೂಗು ತಾಗಿಸಿ ನೋಡಲ್ಲ.”

ಆ ಮೂಗಿನ ಮಾತು ನನಗೆ ಚುಚ್ಚಿತು. ನಿಜಕ್ಕೂ ಆಗ ನಾನು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಕೂತಿದ್ದೆ. ನೆಟ್ಟಗೆ ಕೂತು, ಫಾರ್ಮಿನ ಮೇಲೆ ನಾಟ್ ಅಪ್ರೂವ್ಡ್ ಅಂತ ಬರೆದು ಸಹಿ ಹಾಕಿದೆ. ಪ್ರಿಂಟರ್ ನನ್ನ ಎಡಗೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಒಂದು ಪ್ರಿಂಟ್ ಹಾಕಲು ಎರಡು ನಿಮಿಷ. ಹಾಕಲಿಲ್ಲ. ಅವಳು ಕ್ಯಾಮೆರಾವನ್ನು ಒಂದು ಟವಲಿನಲ್ಲಿ ಸುತ್ತಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು, ಬರ್ತೀನಿ ಮೇಡಂ ಅಂದು, ಹೊನ್ನಾಳಿ ಬಸ್ಸಿಗೆ ಹೋದಳು.

ಏಳೆಂಟು ತಿಂಗಳಾಗಿರಬೇಕು. ಆ ಅಜ್ಜಿ ತೀರಿಕೊಂಡಳು. ಅವಳ ಮಗಳನ್ನು ಗೋವಿನಕೋವಿಗೆ ಕೊಟ್ಟಿದ್ದರು. ಶಿವಗಣಾರಾಧನೆಗೆ ಇಡಲು ಮನೆಯಲ್ಲಿ ಫೋಟೊ ಇಲ್ಲ, ಇರುವುದು ಆಧಾರ್ ಕಾರ್ಡಿನದೊಂದೇ, ಅದರಲ್ಲಿ ಅವ್ವ ಹೆದರಿಕೊಂಡಂಗೆ ಅದಾಳೆ, ಮಂಡಿಯಲ್ಲಿ ಯಾರೋ ನನ್ನ ಫೋಟೊ ಹೊಡೆದ್ರು ಅಂತ ಹೇಳ್ತಿದ್ಲು, ನಿಮ್ಮ ಹತ್ರ ಐತಾ ನೋಡ್ರಿ ಅಂತ ಬಂದಳು. ಇದೆ ಅಂದೆ. ಬಹಳ ಚೆನ್ನಾಗಿದೆ ಅಂತಲೂ ಅಂದೆ. ಜಗಳೂರಿನವನು ತೆಗೆದದ್ದನ್ನು ಪರದೆಯ ಮೇಲೆ ತೆರೆದು, ಪ್ರಶಂಸೆಗೆ ಕಾದೆ.

ಅವಳು ಸ್ವಲ್ಪ ಹೊತ್ತು ನೋಡಿದಳು. ಹತ್ತಿರ ಬಂದಳು, ಹಿಂದೆ ಸರಿದಳು.

“ಚೆಂದ ಐತ್ರೀ,” ಅಂದಳು. “ಆದ್ರೆ ನಮ್ಮವ್ವ ಅಲ್ಲ.”

ನಾನು ಸೀರೆ ತೋರಿಸಿದೆ, ಮೂಗುಬೊಟ್ಟು ತೋರಿಸಿದೆ. ಅವಳು ಹೌದು, ಸೀರೆ ಅವ್ವಂದೇ ಅಂದಳು. ಚಿಕ್ಕವಳಿದ್ದಾಗ ತಾನು ಅವ್ವನ ಪಕ್ಕ ಮಲಗಿ ಕೆನ್ನೆಯ ಕುಳಿಗಳಲ್ಲಿ ಒಂದೊಂದಾಗಿ ಬೆರಳು ಇಡುತ್ತಿದ್ದದ್ದನ್ನು ಹೇಳಿದಳು. ಅವ್ವ ಕಣ್ಣು ಮುಚ್ಚಿಕೊಂಡೇ ಬೈಯುತ್ತಿದ್ದಳಂತೆ. ಆ ಕುಳಿ ಇಲ್ಲದ ಮುಖವನ್ನು ಗದ್ದಿಗೆಯ ಮುಂದೆ ಇಟ್ಟರೆ ನೆಂಟರು ಯಾರ ಫೋಟೊ ಅಂತ ಕೇಳುತ್ತಾರೆ ಅಂದಳು. ಸಿಟ್ಟಿನಿಂದಲ್ಲ. ನನಗೆ ಬೇಜಾರಾಗದಿರಲಿ ಅಂತ ಮೆಲ್ಲಗೆ ಹೇಳಿದಳು.

ಫೇಲಾದವರ ಫೋಟೊಗಳನ್ನು ನಾವು ಅಳಿಸಿರಲಿಲ್ಲ. ಹುಡುಕಿ ತೆರೆದೆ. ಹಿಗ್ಗಿಸದೆ, ಪೂರ್ತಿ ಫೋಟೊವನ್ನೇ ಮೊದಲ ಸಲ ನೋಡಿದ್ದು ಆಗ. ಅಜ್ಜಿ ನಗು ತಡೆಯಲಾರದೆ ಇತ್ತ ತಿರುಗಿದ್ದಾಳೆ. ಮೇಲಿನ ಬೆಳಕು ಕೆನ್ನೆಯ ಮೇಲೆ ಜಾರಿ, ಪ್ರತಿಯೊಂದು ಕುಳಿಯ ಅಂಚಿನಲ್ಲೂ ಒಂದಿಷ್ಟು ನಿಂತಿದೆ. ಹುಬ್ಬಿನ ಕೂದಲಲ್ಲಿ ಅಡಿಕೆಯ ಧೂಳು. ಸೆರಗಿನ ನೂಲು ಎಣಿಸಬಹುದು. ಮಗಳು ಬೆಂಚಿನ ಮೇಲೆ ಕೂತುಬಿಟ್ಟಳು. ನಾನು ಪ್ರಿಂಟ್ ಹಾಕಿದೆ, ಹನ್ನೆರಡು ಹದಿನೆಂಟು ಇಂಚಿನದು. ಕೈಗೆ ತೆಗೆದುಕೊಂಡು ತೋಳಿನಷ್ಟು ದೂರ ಹಿಡಿದು ನೋಡಿದರೆ ರವೆ ಎಲ್ಲಿದೆ? ಇತ್ತು, ಆದರೆ ಕೈಮಗ್ಗದ ಬಟ್ಟೆಗೆ ಒರಟು ಇರುವ ಹಾಗೆ ಇತ್ತು. ಮುಖಕ್ಕೆ ಅಂಟಿದ ಹಾಗೆ ಇರಲಿಲ್ಲ. ಬಣ್ಣಬಣ್ಣದ ಕಲೆಗಳಾಗಿ ಕೂತ ನಾಯ್ಸ್ ಬೇರೆ, ಹೀಗೆ ಸಣ್ಣಗೆ ಸಮನಾಗಿ ಹರಡಿದ್ದು ಬೇರೆ. ಮೊದಲನೆಯದು ಫೋಟೊ ಕೆಡಿಸುತ್ತದೆ, ಎರಡನೆಯದನ್ನು ಕಣ್ಣು ತಾನಾಗಿಯೇ ಬಿಟ್ಟುಬಿಡುತ್ತದೆ. ನೋಡಬೇಕಾದದ್ದು ಎಷ್ಟು ಚುಕ್ಕಿ ಇದೆ ಅಂತಲ್ಲ, ಚುಕ್ಕಿಯ ಹಿಂದೆ ಏನು ಉಳಿದಿದೆ ಅಂತ. ಇಷ್ಟು ತಡವಾಗಿ ಇದನ್ನು ಕಲಿತೆ, ಸತ್ತವಳ ಮಗಳ ಮುಂದೆ.

ಇಲ್ಲಿಗೆ ನಿಂತಿದ್ದರೆ ಅದೊಂದು ತಪ್ಪು, ಎಲ್ಲರೂ ಮಾಡುವಂಥದ್ದು. ನಮ್ಮ ಸ್ಟುಡಿಯೋದಿಂದ ಹೋಗುವ ಎಲ್ಲ ಪ್ರಿಂಟಿನ ಕೆಳಗೂ ಬಲಮೂಲೆಯಲ್ಲಿ ಸ್ಟುಡಿಯೋದ ಹೆಸರು ತಾನಾಗಿ ಬೀಳುತ್ತದೆ. ಅದರ ಮೇಲೂ ಬಿದ್ದಿತ್ತು. ಮಗಳು ಅದನ್ನು ಓದಿ, ಕಣ್ಣೊರೆಸಿಕೊಂಡು, “ನೀವು ತೆಗೆದಿದ್ದಾ ಮೇಡಂ?” ಅಂತ ಕೇಳಿದಳು.

“ನಮ್ಮ ಸ್ಟುಡಿಯೋದ್ದು,” ಅಂದೆ.

ಅವಳು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಮಾಡಿಸಿಕೊಂಡೆ.

ಮೈದುನನಿಗೆ ಅರ್ಧ ಹೇಳಿದೆ. ಆ ಹೊನ್ನಾಳಿಯವಳನ್ನು ಫೇಲ್ ಮಾಡಿದ್ದು ಸರಿಯಾಗಲಿಲ್ಲವೇನೋ ಅಂದೆ. ಅವನು ಬಿಡ್ರಿ ಅತ್ತಿಗೆ, ಇವತ್ತು ಅವಳದು ಸರಿಯಿತ್ತು ಅಂದ್ರೆ ನಾಳೆ ನೀವು ಫೇಲ್ ಮಾಡಿದೋರೆಲ್ಲ ಬಾಗಿಲಿಗೆ ಬರ್ತಾರೆ, ಮುಂದಿನ ಸಲ ಬಂದರೆ ಪಾಸ್ ಮಾಡಿದ್ರಾಯ್ತು ಅಂದ. ನನಗೆ ಬೇಕಾಗಿದ್ದ ಉತ್ತರ ಅದೇ ಆಗಿತ್ತು. ಮುಂದಿನ ಸಲದ ಪರೀಕ್ಷೆಗೆ ಅವಳು ಬರಲಿಲ್ಲ. ಅವಳ ನಂಬರ್ ಅರ್ಜಿಯ ಮೇಲೇ ಇತ್ತು. ಎರಡು ಸಲ ಮೊಬೈಲಿನಲ್ಲಿ ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಆ ವರ್ಷ ಪರೀಕ್ಷೆಗೆ ಬಂದ ಐವರನ್ನೂ ಪಾಸ್ ಮಾಡಿದೆ. ಮೇಡಂ ಮೆತ್ತಗಾಗಿದ್ದಾರೆ ಅಂತ ನಗಾಡಿದರು.

ಸವಳಂಗದಲ್ಲಿ ಪರಿಚಯದವರ ಒಂದು ನಿಕಾಹ್‌ಗೆ ಹೋಗಿದ್ದೆ. ಹೆಂಗಸರ ಕೋಣೆಯಲ್ಲಿ ಹುಡುಗಿಯರು ಮೊಬೈಲಿನಲ್ಲೇ ಮದುಮಗಳನ್ನು ತೆಗೆಯುತ್ತಿದ್ದರು. ಹೊನ್ನಾಳಿಯಿಂದ ಒಬ್ಬಳು ಬರುತ್ತಿದ್ದಳಲ್ಲ ಅಂತ ಕೇಳಿದೆ. ಮನೆಯ ಹಿರಿಯರೊಬ್ಬರು ಹೇಳಿದರು: ಅವಳು ಈಗ ಬರಲ್ಲ ರೀ, ಕ್ಯಾಮೆರಾ ಮಾರಿಬಿಟ್ಟಳು, ವರ್ಷಕ್ಕೆ ನಾಲ್ಕು ಮದುವೆ ತಗೊಂಡು ಹೆಂಗೆ ಬದುಕಾಕಾಗ್ತೈತೆ, ಹೊನ್ನಾಳಿ ಬಸ್‌ಸ್ಟ್ಯಾಂಡ್ ಹತ್ರ ಆನ್‌ಲೈನ್ ಅಂಗಡೀಲಿ ಕೂತಿರ್ತಾಳೆ.

ಮರುದಿನವೇ ಹೊರಟೆ ಅಂತ ಬರೆಯಲು ಆಸೆ. ಹೊರಟದ್ದು ಒಂದೂವರೆ ತಿಂಗಳ ಮೇಲೆ. ಬಸ್ಸಿನಲ್ಲಿ ಕೂತು ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಮೊದಲು ಇಂಗ್ಲಿಷಿನಲ್ಲಿ ಬಂದವು. ಐ ಓ ಯೂ ಆನ್ ಅಪಾಲಜಿ. ಕನ್ನಡದಲ್ಲಿ ಹೇಳಲು ನೋಡಿದರೆ ಎಲ್ಲ ಮಾತೂ ಹೊಟ್ಟೆಯ ಹತ್ತಿರದಿಂದ ಬರಬೇಕಾಗುತ್ತದೆ, ಬರುತ್ತಿರಲಿಲ್ಲ.

ಅಂಗಡಿ ಚಿಕ್ಕದು. ಗಾಜಿನ ಬಾಗಿಲು, ಒಳಗೆ ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ರೇಷನ್ ಕಾರ್ಡಿನವರ ಸಾಲು. ಒಂದು ಕಂಪ್ಯೂಟರಿನ ಹಿಂದೆ ಅವಳು. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದಳು, ಎದ್ದು ನಿಂತು, ಬರ್ರಿ ಮೇಡಂ ಅಂದಳು. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ನನ್ನ ಧೈರ್ಯ ಅಲ್ಲೇ ಬಿತ್ತು.

“ಒಂದು ಪಾಸ್‌ಪೋರ್ಟ್ ಫೋಟೊ ಬೇಕಿತ್ತು,” ಅಂದೆ.

“ಸ್ಟುಡಿಯೋ ಮನೇಲಿ ಇಟ್ಕೊಂಡು ಹೊನ್ನಾಳಿಗೆ ಬಂದ್ರಾ ಮೇಡಂ, ಪಾಸ್‌ಪೋರ್ಟ್ ಫೋಟೊಗೆ?”

ತಮಾಷೆಗೆ ಕೇಳಿದಳೋ ಹೇಗೋ, ಮುಖ ನೋಡಿದರೆ ತಿಳಿಯಲಿಲ್ಲ. ನೀಲಿ ಬಟ್ಟೆಯ ಮುಂದಿನ ಸ್ಟೂಲಿನ ಮೇಲೆ ಕೂರಿಸಿದಳು. ಗದ್ದ ಸ್ವಲ್ಪ ಕೆಳಗೆ, ಕಣ್ಣು ಇತ್ಲಾಗೆ ಅಂತ ಹೇಳಿ, ಕಂಪ್ಯೂಟರಿಗೆ ಅಂಟಿಸಿದ ಗುಂಡಿಯಷ್ಟು ಕ್ಯಾಮೆರಾದಲ್ಲಿ ತೆಗೆದಳು. ಟ್ಯೂಬ್‌ಲೈಟಿನ ಕೆಳಗೆ ನನ್ನ ಮುಖ ಪರದೆಯ ಮೇಲೆ ಬಂತು. ಅವಳು ಕತ್ತರಿಸಿ, ಎಂಟು ಪ್ರತಿ ಜೋಡಿಸುತ್ತಿದ್ದಾಗ ನಾನು ಬಗ್ಗಿ, ಸಾಲಿನವರಿಗೆ ಕೇಳದ ಹಾಗೆ ಹೇಳಿದೆ. ಅಜ್ಜಿ ತೀರಿಕೊಂಡದ್ದು, ಮಗಳು ಬಂದದ್ದು, ಇವಳು ತೆಗೆದ ಫೋಟೊ ಕೊಟ್ಟದ್ದು, ಕೆಳಗೆ ಬಿದ್ದ ಹೆಸರು, ನಾನು ಆಡಿದ ಮಾತು. ಹೇಳುತ್ತಿರುವಾಗಲೂ ದನಿ ತಗ್ಗಿಸಿದ್ದೆ. ಅವಳನ್ನು ಫೇಲ್ ಮಾಡುವಾಗ ತಗ್ಗಿಸಿರಲಿಲ್ಲ.

ಅವಳ ಕೈ ಮೌಸಿನ ಮೇಲೆ ನಿಂತಿತು.

“ಗೊತ್ತು ಮೇಡಂ,” ಅಂದಳು. “ಗೋವಿನಕೋವಿಗೆ ರೇಷನ್ ಕಾರ್ಡ್ ಕ್ಯಾಂಪಿಗೆ ಹೋಗಿದ್ದೆ. ಅವರ ಮನೇಲೇ ನೀರು ಕೊಟ್ರು. ಗೋಡೆ ಮೇಲೆ ಐತೆ. ಚೆನ್ನಾಗಿ ಪ್ರಿಂಟ್ ಮಾಡಿದೀರಿ.”

“ಅವರಿಗೆ ಹೇಳಲಿಲ್ಲವಾ ನೀನು?”

“ಏನಂತ ಹೇಳ್ಲಿ? ಹೂ ಇಟ್ಟಿದ್ರು. ಕೆಳಗೆ ನಿಮ್ಮ ಹೆಸರು. ನಾನು ತೆಗೆದಿದ್ದು ಅಂದ್ರೆ ನಂಬ್ತಿದ್ರಾ?”

ಕಾರ್ಡ್ ಮಾಡಿಸಿಕೊಡುತ್ತೇನೆ, ಸಂಘದ ಎದುರಿಗೆ ಹೇಳುತ್ತೇನೆ ಅಂದೆ. ಅವಳು ಫೋಟೊಗಳನ್ನು ಚಿಕ್ಕ ಕವರಿಗೆ ಹಾಕುತ್ತಾ, ಕ್ಯಾಮೆರಾ ಇಲ್ದೆ ಕಾರ್ಡ್ ತಗೊಂಡು ಏನ್ ಮಾಡ್ಲಿ ಮೇಡಂ ಅಂದಳು. ಸಿಟ್ಟಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳಿಗೆ ಹಿಂದೆ ಸಾಲಿತ್ತು, ಕೆಲಸವಿತ್ತು.

ಆಮೇಲೆ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ, ಅದರಿಂದ ಏನೂ ಸರಿಹೋಗಲಿಲ್ಲವಾದರೂ. ಸಂಘದ ಮೀಟಿಂಗಿನಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ, ಕನ್ನಡದಲ್ಲಿ. ಮೈದುನ ಒಂದು ತಿಂಗಳು ಮಾತು ಬಿಟ್ಟ. ಇನ್ನು ಮುಂದೆ ಪರೀಕ್ಷೆಯ ಫೋಟೊಗಳನ್ನು ಪ್ರಿಂಟ್ ಹಾಕಿಯೇ ನೋಡಬೇಕು ಅಂತ ನಿರ್ಧಾರವಾಯಿತು, ನೋಡುವವಳು ನಾನಲ್ಲ. ಗೋವಿನಕೋವಿಗೆ ಹೋಗಿ, ಸ್ಟುಡಿಯೋ ಹೆಸರಿಲ್ಲದ ಇನ್ನೊಂದು ಪ್ರಿಂಟ್ ಕೊಟ್ಟು, ತೆಗೆದವಳು ಯಾರು ಅಂತ ಹೇಳಿದೆ. ಮಗಳು ನನ್ನನ್ನೇ ನೋಡಿ, “ಅವತ್ತೇ ಹೇಳಬಹುದಿತ್ತಲ್ರೀ” ಅಂದಳು. ಅಷ್ಟೇ ಅಂದದ್ದು. ಆ ಸಲ ನಮಸ್ಕಾರ ಮಾಡಲಿಲ್ಲ.

ಹೊನ್ನಾಳಿಯವಳ ಹೆಸರಿಗೆ ಕಾರ್ಡ್ ಮಾಡಿಸಿ, ಸ್ಟುಡಿಯೋದಲ್ಲಿ ಸುಮ್ಮನೆ ಕೂತಿದ್ದ ಒಂದು ಒಳ್ಳೆಯ ಕ್ಯಾಮೆರಾವನ್ನು ಮೈದುನನಿಂದ ಬೇಡಿ ತೆಗೆದುಕೊಂಡು ಮತ್ತೆ ಹೋದೆ. ಅಂಗಡಿಯಲ್ಲಿ ಬೇರೆ ಯಾರೋ ಇದ್ದರು. ಅವಳು ಕೆಲಸ ಬಿಟ್ಟು ಮನೆಯವರ ಜೊತೆ ಊರು ಬಿಟ್ಟು ಹೋಗಿದ್ದಳು. ಎಲ್ಲಿಗೆ ಅಂತ ಮಾಲೀಕರಿಗೆ ಗೊತ್ತಿರಲಿಲ್ಲ. ಅರ್ಜಿಯ ಮೇಲಿನ ನಂಬರಿಗೆ ಈಗ ಕಟ್ ಮಾಡದೆ ಕಾಯುತ್ತೇನೆ, ಅದು ಬಳಕೆಯಲ್ಲಿಲ್ಲ ಅನ್ನುತ್ತದೆ.

ಹಾಗಾಗಿ ಅವಳನ್ನು ಕೊನೆಯ ಸಲ ನೋಡಿದ್ದು ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಂಡ ಆ ದಿನವೇ. ಫೋಟೊದ ಕವರ್ ಹಿಡಿದು ಹೊರಗೆ ಬಂದೆ. ಬಿಸಿಲಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು, ಗಾಜಿನ ಈಚೆ ನಿಂತು ತಿರುಗಿ ನೋಡಿದೆ. ಸಾಲಿನಲ್ಲಿ ನನ್ನ ಹಿಂದೆ ಇದ್ದ ಮುದುಕ ಈಗ ಅವಳ ಮುಂದೆ ಕೂತಿದ್ದ. ದುಡಿದು ದುಡಿದು ಬೆರಳಿನ ಗೆರೆಗಳು ಸವೆದು, ಹೆಬ್ಬೆಟ್ಟಿನ ಯಂತ್ರ ಅವನನ್ನು ಹಿಡಿಯುತ್ತಿರಲಿಲ್ಲ ಅಂತ ಕಾಣುತ್ತದೆ. ಅವಳು ಕುರ್ಚಿಯಿಂದ ಎದ್ದು ಈಚೆ ಬಂದು, ದುಪಟ್ಟಾದ ತುದಿಯನ್ನು ನೀರಿನಲ್ಲಿ ಅದ್ದಿ, ಅವನ ಹೆಬ್ಬೆರಳನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿ, ಯಂತ್ರದ ಮೇಲೆ ಒತ್ತಿ ಹಿಡಿದಳು. ಬರಲಿಲ್ಲ. ಮತ್ತೊಂದು ಬೆರಳು ತೆಗೆದುಕೊಂಡಳು.